ಎರ್ಲಡ್ಡು ಹಾರಲಿಲ್ಲ

ದೆವ್ವ, ಶಕುನ, ಗಾಳಿ ಸೋಕುವುದು ಇವನ್ನೆಲ್ಲ ಕೇಳಿ ನಗುತ್ತಿದ್ದವರಲ್ಲಿ ನಾನೂ ಒಬ್ಬ. ಬಳ್ಳಾರಿಯಲ್ಲಿ ನಾಲ್ಕಕ್ಷರ ಇಂಗ್ಲಿಷ್ ಕಲಿತು ಕುರುಗೋಡಿನ ಸಾಲೆಗೆ ಮಾಸ್ತರನಾಗಿ ಬಂದಿದ್ದೆ. ಆ ನಾಲ್ಕಕ್ಷರದ ಸೊಕ್ಕೂ ಇತ್ತು. ಹಾಲಕ್ಕಿ ಕೂಗಿತೆಂದು ಯಾರಾದರೂ ಪ್ರಯಾಣ ನಿಲ್ಲಿಸಿದರೆ, ಹಕ್ಕಿಗೆ ತನ್ನ ಹೊಟ್ಟೆಯ ಚಿಂತೆಯೇ ಸಾಕಷ್ಟಿದೆ, ನಿಮ್ಮ ಚಿಂತೆ ಅದಕ್ಕೇಕೆ ಎಂದು ಗೇಲಿ ಮಾಡುತ್ತಿದ್ದೆ. ಈಗ ಬರೆಯುವುದನ್ನು ಓದಿ ನೀವು ನನ್ನನ್ನೇ ಗೇಲಿ ಮಾಡಿದರೆ ನನ್ನದೇನೂ ತಕರಾರಿಲ್ಲ.

ನನಗೆ ಹಕ್ಕಿ ನೋಡುವ ಹುಚ್ಚು. ಯಾವನೋ ಇಂಗ್ಲಿಷ್ ದೊರೆ ಊರು ಬಿಡುವಾಗ ಮಾರಿಹೋದ ದುರ್ಬೀನೊಂದು ಬಳ್ಳಾರಿ ದಂಡಿನ ಬಜಾರಿನಲ್ಲಿ ಸಿಕ್ಕಿತ್ತು. ಅದನ್ನು ಕೊರಳಿಗೆ ಹಾಕಿಕೊಂಡು ಗುಡ್ಡ, ಕೆರೆ, ಹೊಲ ಸುತ್ತುತ್ತಿದ್ದೆ. ಬಂದೂಕಿಲ್ಲದೆ ಹಕ್ಕಿಯ ಹಿಂದೆ ಹೋಗುವವನನ್ನು ಊರಿನವರು ಅರೆಹುಚ್ಚ ಎಂದುಕೊಂಡಿದ್ದರು. ಎಲ್ಲಕ್ಕಿಂತ ಹೆಚ್ಚಾಗಿ ನನ್ನನ್ನು ಆಟವಾಡಿಸಿದ್ದು ಎರ್ಲಡ್ಡು. ಎರೆಹೊಲಗಳಲ್ಲಿ ಓಡಾಡುವ, ಕುರಿಯಷ್ಟು ಎತ್ತರದ, ನೆತ್ತಿಯ ಮೇಲೆ ಕಪ್ಪು ಟೊಪ್ಪಿಗೆ ಇಟ್ಟಂತಿರುವ ಹಕ್ಕಿ. ಎತ್ತಿನ ಬಂಡಿ ಹತ್ತಿರ ಬಂದರೂ ಅದು ಲೆಕ್ಕಿಸುವುದಿಲ್ಲ. ನಡೆದು ಬರುವ ಮನುಷ್ಯ ಮಾತ್ರ ದೂರದ ಬದುವಿನಾಚೆ ಕಂಡರೂ ಸಾಕು, ಓಡಿ ರೆಕ್ಕೆ ಬಿಚ್ಚುತ್ತದೆ. ಬಂಡಿಯಿಂದ ಇಳಿದು ಅದರ ಬಳಿ ಹೋಗಲು ನಾನು ಮಾಡದ ಉಪಾಯವಿಲ್ಲ; ಒಂದು ಸಲವೂ ಸಾಧ್ಯವಾಗಿರಲಿಲ್ಲ.

ಶಿವರಾತ್ರಿ ಕಳೆದು ಜೋಳದ ಕೊಯ್ಲು ಮುಗಿದಿದ್ದ ದಿನಗಳು. ಒಂದು ಬೆಳಗಿನ ಜಾವ ಸಿರುಗುಪ್ಪದಿಂದ ಆಳು ಬಂದ. ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದ ನನ್ನ ತಂಗಿ ರುಕ್ಕುವಿಗೆ ಹಿಂದಿನ ದಿನದಿಂದ ನೋವು, ಕೂಸು ಹೊರಗೆ ಬರುತ್ತಿಲ್ಲ, ಕೂಡಲೇ ಹೊರಟು ಬಾ ಎಂದು ಅವ್ವ ಹೇಳಿ ಕಳಿಸಿದ್ದಳು. ತಂದೆ ಇಲ್ಲದ ಮನೆ. ರುಕ್ಕುವನ್ನು ಎತ್ತಿ ಆಡಿಸಿದವನೂ, ಧಾರೆ ಎರೆದು ಕೊಟ್ಟವನೂ ನಾನೇ. ಬಂಡಿ ಹೊಡೆಯುವ ಹುಸೇನ್‌ಸಾಬನನ್ನು ಎಬ್ಬಿಸಿ ಹೊರಟೆ. ದಾರಿಯುದ್ದಕ್ಕೂ, ಇನ್ನೂ ಜೋರಾಗಿ ಹೊಡಿ ಎಂದು ಅವನ ಜೀವ ತಿಂದೆ.

ಸಿರಿಗೇರಿ ದಾಟಿದ ಮೇಲೆ ಅವನು ಬಂಡಿ ನಿಲ್ಲಿಸಿ ಎತ್ತು ಬಿಚ್ಚಿದ. "ಇವುಕ್ಕೂ ಜೀವ ಐತಲ್ರಿ ಮಾಸ್ತರ, ಸ್ವಲ್ಪ ಉಸರ ಬಿಡ್ಲಿ," ಎಂದ. ಹೊತ್ತು ಇಳಿಯುತ್ತಿತ್ತು. ಕೂತಲ್ಲಿ ಕೂರಲಾಗದೆ, ಕೈಗೆ ಏನಾದರೂ ಕೆಲಸ ಬೇಕೆಂದು ದುರ್ಬೀನು ತೆಗೆದು ಬಯಲಿನ ಕಡೆ ತಿರುಗಿಸಿದೆ. ಜೋಳದ ಕೂಳೆಗಳ ನಡುವೆ ಎರ್ಲಡ್ಡು ಮೇಯುತ್ತಿತ್ತು. ಅದರ ಪಕ್ಕದಲ್ಲೇ ಒಬ್ಬ ಹೆಂಗಸು ನನಗೆ ಬೆನ್ನು ಮಾಡಿ ನಡೆಯುತ್ತಿದ್ದಳು.

ಸೀಮಂತಕ್ಕೆ ನಾನೇ ತಂದುಕೊಟ್ಟ ಹಸಿರು ಸೀರೆ. ಎಡಗಾಲನ್ನು ತುಸು ಎಳೆದು ಹಾಕುವ ಆ ನಡಿಗೆ, ಚಿಕ್ಕಂದಿನಲ್ಲಿ ಬಾವಿಕಟ್ಟೆಯಿಂದ ಬಿದ್ದಾಗಿನಿಂದ ರುಕ್ಕುವಿಗೆ ಅಂಟಿಕೊಂಡದ್ದು. ದುಗುಡದಲ್ಲಿ ಯಾರೋ ಹೊಲದವಳು ತಂಗಿಯಂತೆ ಕಾಣಬಹುದು, ಅದನ್ನು ಒಪ್ಪುತ್ತೇನೆ. ಆದರೆ ಸೆರಗು ತಾಗುವಷ್ಟು ಹತ್ತಿರ ಅವಳು ಹಾದುಹೋದರೂ ಹಕ್ಕಿ ತಲೆ ಎತ್ತಲಿಲ್ಲ. ಹೊಲದವಳಾಗಿದ್ದರೆ ಎರ್ಲಡ್ಡು ಅಲ್ಲಿ ನಿಲ್ಲುತ್ತಿರಲಿಲ್ಲ.

"ಸಾಬಣ್ಣ, ಅಲ್ಲಿ ಹೋಗಾಕತ್ತಿದ ಹೆಣ್ಮಗಳು ನಿನಗೂ ಕಾಣ್ತಾಳೇನು?"

ಅವನು ಹುಬ್ಬಿಗೆ ಕೈ ಹಚ್ಚಿ ನೋಡಿದ. "ಯಾವ ಹೆಣ್ಮಗಳ್ರಿ? ಹಕ್ಕಿ ಒಂದ ಐತಲ್ರಿ ಅಲ್ಲಿ."

ಬಂಡಿಯ ಮೇಲೆ ನಿಂತು "ರುಕ್ಕೂ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಆ ಕೂಗಿಗೆ ಎರ್ಲಡ್ಡು ಓಡಿ ಮೇಲೆದ್ದಿತು. ಹೆಂಗಸು ನಿಂತಳು, ತಿರುಗತೊಡಗಿದಳು. ಮುಖ ಕಾಣುವಷ್ಟರಲ್ಲಿ ಎತ್ತು ಬಿಚ್ಚಿದ ಬಂಡಿ ಕಾಲಡಿ ವಾಲಿ ದುರ್ಬೀನು ತಪ್ಪಿತು. ಮತ್ತೆ ಕಣ್ಣಿಗೆ ಹಿಡಿದಾಗ ಬರೀ ಕೂಳೆ. ಹುಸೇನ್‌ಸಾಬ ಎತ್ತು ಹೂಡಿದ.

ಸಿರುಗುಪ್ಪ ಮುಟ್ಟುವಾಗ ಮನೆಗಳಲ್ಲಿ ದೀಪ ಹಚ್ಚಿದ್ದರು. ಬಾಗಿಲಲ್ಲೇ ಅವ್ವ ನನ್ನನ್ನು ಹಿಡಿದುಕೊಂಡು ಅತ್ತಳು.

"ಕೂಸು ಉಳೀಲಿಲ್ಲಪ್ಪ. ಗಂಡು. ಅಕಿನೂ ಹೋದ್ಲು ಅಂತನ ಮಾಡಿದ್ವಿ, ಕಣ್ಣು ಮ್ಯಾಲಾಗಿದ್ವು. ಹೊತ್ತು ಇಳಿಯೋ ಮುಂದ 'ಓ, ಬಂದೆ ಅಣ್ಣಾ' ಅಂತ ಒದರಿ ಕಣ್ಣು ಬಿಟ್ಲು. ಮನ್ಯಾಗ ಯಾರೂ ಕರದಿದ್ದಿಲ್ಲ."

ಯಾರೂ ಕರೆಯದೆ ಓಗೊಟ್ಟರೆ ಕೇಡು ಎಂದು ಸೂಲಗಿತ್ತಿ ಮನೆಯವರನ್ನೆಲ್ಲ ಹೆದರಿಸಿಟ್ಟಿದ್ದಳು. ನಾನು ಬಾಣಂತಿ ಕೋಣೆಯ ಹೊರಗೆ ಗೋಡೆಗೆ ಒರಗಿ, ಅವಳ ಉಸಿರು ಕೇಳುತ್ತಿದೆಯೇ ಎಂದು ಕಿವಿಗೊಟ್ಟು ಕೂತೆ. ಅಷ್ಟು ಹೆದರಿಕೆ ನನಗೆ ಹಿಂದೆ ಆಗಿರಲಿಲ್ಲ, ಮುಂದೆಯೂ ಆಗಿಲ್ಲ.

ರುಕ್ಕು ಉಳಿದಳು. ಎದ್ದು ಓಡಾಡುವಂತಾದ ಮೇಲೆ ಒಂದು ದಿನ ಹಿತ್ತಲಲ್ಲಿ ತಲೆ ಒಣಗಿಸಿಕೊಳ್ಳುತ್ತ ತಾನಾಗಿಯೇ ಹೇಳಿದಳು. ಬಯಲಿನ ಮಾತನ್ನು ಅಷ್ಟರವರೆಗೆ ನಾನಾಗಲಿ ಹುಸೇನ್‌ಸಾಬನಾಗಲಿ ಯಾರ ಮುಂದೆಯೂ ಎತ್ತಿರಲಿಲ್ಲ.

"ಅಣ್ಣಾ, ಅವತ್ತು ನೀ ಕರದದ್ದು ನನಗ ಕೇಳಿಸ್ತು."

"ಎಲ್ಲಿದ್ದಿ ಆಗ?"

"ಗೊತ್ತಿಲ್ಲ, ಬಯಲು. ಕೂಸು ಮುಂದ ಮುಂದ ಓಡಾಕತ್ತಿತ್ತು. ಇನ್ನೇನು ಕೈಗೆ ಸಿಗ್ತಿತ್ತು, ಅಷ್ಟರಾಗ ನೀ ಕರದಿ. ಹೊಳ್ಳಿ ನೋಡಿದೆ."

ಇಷ್ಟು ಹೇಳಿ ಕೂದಲು ಗಂಟು ಹಾಕಿಕೊಂಡು ಒಳಗೆ ಹೋದಳು. ದುರ್ಬೀನಿನಲ್ಲಿ ನನಗೆ ಯಾವ ಕೂಸೂ ಕಂಡಿರಲಿಲ್ಲ. ತಿಳಿದವರಿಬ್ಬರನ್ನು ಕೇಳಿದ್ದೇನೆ. ಒಬ್ಬರು ಭ್ರಮೆ ಎಂದರು, ಇನ್ನೊಬ್ಬರು ದೇವರ ದಯೆ ಎಂದರು. ಹಕ್ಕಿ ಯಾಕೆ ಹಾರಲಿಲ್ಲ ಎಂದರೆ ಇಬ್ಬರೂ ಮಾತು ಬೇರೆ ಕಡೆ ತಿರುಗಿಸಿದರು.

ರುಕ್ಕುವಿಗೆ ಮತ್ತೆ ಮಕ್ಕಳಾಗಲಿಲ್ಲ. ನಾನು ಕರೆದದ್ದು ಒಳ್ಳೆಯದಾಯಿತೇನು ರುಕ್ಕು ಎಂಬ ಮಾತು ಎಷ್ಟೋ ಸಲ ಬಾಯಿಯವರೆಗೆ ಬಂದಿದೆ. ಕೇಳುವ ಧೈರ್ಯ ಇಂದಿಗೂ ಬಂದಿಲ್ಲ.