ನಾಲ್ಕು ಫ್ಯಾನು, ಒಂದು ಆರತಿ ತಟ್ಟೆ

ನನ್ನ ಅಕ್ಕ ನನ್ನ ಹೆಂಡತಿಯೊಂದಿಗೆ ಮಾತು ಬಿಟ್ಟು ಒಂದೂವರೆ ತಿಂಗಳಾಗಿತ್ತು. ಮಳವಳ್ಳಿಯ ತನ್ನ ಮನೆಯಲ್ಲಿದ್ದುಕೊಂಡು ಬಿಟ್ಟಿದ್ದರೆ ನಮಗೂ ಸಲೀಸಾಗುತ್ತಿತ್ತು. ಇವಳು ಕಾಲು ಮುರಿದುಕೊಂಡು, ಮಂಡ್ಯದ ಗುತ್ತಲಿನ ನಮ್ಮ ಮನೆಯ ಮುಂದಿನ ಕೋಣೆಯಲ್ಲೇ ಮಂಚ ಹಾಕಿಸಿಕೊಂಡು, ನನ್ನ ಹೆಂಡತಿ ಮಾಡಿದ ಮುದ್ದೆ ಉಪ್ಸಾರನ್ನೇ ಉಂಡುಕೊಂಡು ಮಾತು ಬಿಟ್ಟಿದ್ದಳು. ಆಸ್ಪತ್ರೆ ಮಂಡ್ಯದಲ್ಲಿತ್ತು, ಬೇರೆ ದಾರಿಯಿರಲಿಲ್ಲ. ಊಟಕ್ಕೆ ಕೂತರೆ, ಎದುರಿಗೇ ನಿಂತವಳನ್ನು ಬಿಟ್ಟು ನನಗೆ ಹೇಳುತ್ತಿದ್ದಳು: "ಲೋ, ನಿನ್ನೆಂಡ್ತಿಗೇಳು, ಉಪ್ಪು ಸಾಲ್ದು." ನಾನು ಬಾಯಿ ತೆರೆಯುವಷ್ಟರಲ್ಲಿ ಉಪ್ಪು ಬಂದಿರುತ್ತಿತ್ತು.

ಇಷ್ಟಕ್ಕೆಲ್ಲ ಕಾರಣ ಒಂದು ಆರತಿ ತಟ್ಟೆ. ನನ್ನ ಮಗಳ ಮದುವೆ ಮದ್ದೂರಿನ ಛತ್ರದಲ್ಲಿ ನಡೆಯಿತು. ಧಾರೆ ಮುಗಿದ ಮೇಲೆ ಸೋದರತ್ತೆ ಆರತಿ ಎತ್ತುವುದು ನಮ್ಮ ಮನೆಯ ಪದ್ಧತಿ. ನನಗಿರುವುದು ಒಬ್ಬಳೇ ಅಕ್ಕ. ಹುಡುಗಿ ಹುಟ್ಟಿದ ದಿನದಿಂದಲೂ "ನಿನ್ ಮದ್ವೇಲಿ ಆರ್ತಿ ನಂದು" ಎಂದು ಹೇಳಿಕೊಂಡೇ ಬಂದವಳು. ಅದಕ್ಕೆಂದೇ ಹಸಿರು ರೇಷ್ಮೆ ಸೀರೆ ತೆಗೆದು, ಇಲ್ಲಿಂದಲೇ ಹೊರಡುತ್ತೇನೆಂದು ನಮ್ಮ ಬೀರುವಿನಲ್ಲೇ ಇಟ್ಟಿದ್ದಳು. ಮದುವೆಗೆ ನಾಲ್ಕು ದಿನ ಇದೆ ಎನ್ನುವಾಗ ಬಚ್ಚಲಲ್ಲಿ ಜಾರಿ ಬಿದ್ದಳು. ಮದುವೆಯ ದಿನ ಆಸ್ಪತ್ರೆಯಲ್ಲೇ ಉಳಿದಳು. ಆಮೇಲೆ ನಿಡಘಟ್ಟದ ನೆಂಟರು ಯಾರೋ ಅಲ್ಲಿಗೆ ಹೋಗಿ, ತಟ್ಟೆ ಹಿಡಿದದ್ದು ನನ್ನ ಹೆಂಡತಿಯ ತಂಗಿ ಎಂದು ಊದಿಬಿಟ್ಟರು. ಕಾಲಿಗೆ ಬಿದ್ದ ಪೆಟ್ಟಿಗಿಂತ ಅದೇ ಹೆಚ್ಚು ನೋಯಿಸಿತು.

ನೆಂಟರು ಸುಳ್ಳು ಹೇಳಿರಲಿಲ್ಲ, ಪೂರ್ತಿ ಹೇಳಿರಲೂ ಇಲ್ಲ. ಪೂರ್ತಿ ಏನೆಂದು ನನಗೆ ಗೊತ್ತಿತ್ತು. ಆದರೆ ನಾನು ಹೇಳಿದರೆ "ಎಂಡ್ತಿ ಪರ ವಕೀಲಿಕೆ ಮಾಡ್ತಾನೆ" ಅನ್ನುತ್ತಿದ್ದಳು. ಫೋನಿನಲ್ಲಿ ಅಷ್ಟು ಭಾಗ ತೋರಿಸುತ್ತೇನೆಂದರೆ ಅದಕ್ಕೂ ಒಪ್ಪಲಿಲ್ಲ. "ತುಂಡು ಮಾಡಿ ಜೋಡ್ಸೋದೇ ನಿನ್ ಕಸ್ಬು. ನಂಗೊತ್ತಿಲ್ವಾ? ಚಪ್ರದಿಂದ ಇಡ್ದು ಕೊನೇಗಂಟ ಟೀವೀಲಿ ಆಕು. ಅದುನ್ನ ನೋಡ್ದೆ ನಾನು ನಿನ್ನೆಂಡ್ತಿ ಜೊತೆ ಮಾತಾಡಕಿಲ್ಲ."

ನಿಜ, ನನ್ನ ಕಸುಬೇ ಅದು. ಮೂವತ್ತು ವರ್ಷ ಸ್ಟುಡಿಯೋ ನಡೆಸಿ, ಈಗ ಮನೆಯಲ್ಲೇ ಕೂತು ಊರವರ ಮದುವೆ ವಿಡಿಯೊಗಳನ್ನು ಕತ್ತರಿಸಿ ಜೋಡಿಸುತ್ತೇನೆ. ಹಳೆಯ ಕಂಪ್ಯೂಟರಿನಲ್ಲಿ ಊರಿನ ಮದುವೆಗಳೆಲ್ಲ ಹೊತ್ತಿಗೆ ಸರಿಯಾಗಿ ಮುಗಿದಿದ್ದವು. ನನ್ನ ಮಗಳದು ಮಾತ್ರ ಮುಗಿಯಲಿಲ್ಲ. ದೀಪದ ಕೆಳಗೇ ಕತ್ತಲೆ ಅನ್ನುತ್ತಾರಲ್ಲ, ಹಾಗೆ. ಭಾನುವಾರ ಅಕ್ಕನ ಮಗ ಕಾರು ತಂದು ಅವಳನ್ನು ಮಳವಳ್ಳಿಗೆ ಕರೆದೊಯ್ಯುವವನಿದ್ದ. ಈ ಸಿಟ್ಟಿನಲ್ಲೇ ಹೋದರೆ ಮತ್ತೆ ನಮ್ಮ ಹೊಸಿಲು ತುಳಿಯುವವಳಲ್ಲ. ಅವಳ ಹಠ ನನಗೆ ಗೊತ್ತು. ಅದೇ ಹಠ ನನ್ನ ಮೈಯಲ್ಲೂ ಇದೆ.

ಅಡ್ಡಿಯಾದದ್ದು ನನ್ನ ಹೊಸ ಕಂಪ್ಯೂಟರು. ಕೋಣೆ ಚಿಕ್ಕದು, ಮಂಚ ಬೇರೆ ಬಂತು ಎಂದು ಹಳೆಯ ದೊಡ್ಡ ಪೆಟ್ಟಿಗೆ ಮಾರಿ ಬಿಸ್ಕತ್ತು ಡಬ್ಬಿಯಷ್ಟಿದ್ದ ಪುಟ್ಟದೊಂದನ್ನು ತಂದಿದ್ದೆ. ಒಳಗಿನ ಯಂತ್ರ ಮಾತ್ರ ದೊಡ್ಡದೇ. ಚಿಕ್ಕ ಪೆಟ್ಟಿಗೆ ಬೇಗ ಕಾಯುತ್ತದೆ ಎಂದು ಯಾರೋ ಅಂದರು. ಕಾದರೆ ಗಾಳಿ ಕೊಡೋಣ, ಅದಕ್ಕೇನಂತೆ ಎಂದು ನಾಲ್ಕು ಫ್ಯಾನು ತಂದು ನಾನೇ ಕೂರಿಸಿದೆ: ಮುಂದೆ ಎರಡು, ಮೇಲೊಂದು, ಹಿಂದೊಂದು. ನಾಲ್ಕೂ ಒಳಕ್ಕೇ ಊದುವ ಹಾಗೆ. ಸೆಕೆಯಾದಾಗ ಮನುಷ್ಯ ಫ್ಯಾನನ್ನು ತನ್ನ ಕಡೆ ತಿರುಗಿಸಿಕೊಳ್ಳುವುದಿಲ್ಲವೇ? ಅಷ್ಟೇ ನನ್ನ ಲೆಕ್ಕ. ಕೂರಿಸಿ ಮುಗಿಸಿದ ಮೇಲೆ ಹೆಂಡತಿಯನ್ನು ಕರೆದು ತೋರಿಸಿದ್ದೂ ಉಂಟು.

ವಿಡಿಯೊವನ್ನು ಕೊನೆಗೆ ಒಂದಾಗಿಸಲು ಕೊಟ್ಟರೆ ಆ ಡಬ್ಬಿ ಮುಕ್ಕಾಲು ಗಂಟೆ ಓಡುತ್ತಿತ್ತು, ಅಷ್ಟೇ. ಮೊದಮೊದಲು ಗುಯ್ ಎನ್ನುವುದು, ಆಮೇಲೆ ಕೂಗಾಡುವುದು, ಪರದೆಯ ಮೇಲೆ ಧಾರೆ ಮುಗಿದು ಆರತಿ ಹತ್ತಿರ ಬರುತ್ತಿದ್ದಂತೆ ಟಪ್ ಎಂದು ಆರಿಹೋಗುವುದು. ಒಂದು ಸಲವಲ್ಲ, ಮೂರು ಸಲ. ನಾನು ಕರೆಂಟನ್ನು ಬೈದೆ, ಮಂಡ್ಯದ ಬಿಸಿಲನ್ನು ಬೈದೆ, ಅಂಗಡಿಯವನ ವಂಶವನ್ನೂ ಬೈದೆ. ಅಕ್ಕ ಮಂಚದ ಮೇಲಿಂದ, "ಕುಣೀನಾರ್ದೋಳು ನೆಲ ಡೊಂಕು ಅಂದ್ಲಂತೆ" ಅಂದಳು. ಆಮೇಲೆ ಅವಳ ಕಣ್ಣು ಕಿರಿದಾಯಿತು.

"ಅದ್ಯಾಕ್ಲಾ ಸರ್ಯಾಗಿ ಆರ್ತಿ ಬರೋ ಒತ್ಗೇ ಕೆಟ್ಟೋಯ್ತದೆ? ಗಂಡ ಎಂಡ್ತಿ ಸೇರ್ಕಂಡು ನಂಗೆ ನಾಟ್ಕ ತೋರುಸ್ತಾ ಇದ್ದೀರಾ?"

"ಅಯ್ಯೋ ನಿನ್ನ, ಬಿಸಿಯಾಗಿ ಆಫ್ ಆಗ್ತದೆ ಕಣಕ್ಕ!"

"ನಾಕ್ ಫ್ಯಾನ್ ಆಕಿದ್ದೀನಿ ಅಂತ ಬೀಗ್ತಿದ್ದೆ?"

ಆಗ ನನಗೆ ನಿಜವಾಗಿ ಸಂಕಟವಾಯಿತು. ಶನಿವಾರ ಮಧ್ಯಾಹ್ನ ಬೇರೆ. ಡಬ್ಬಿಯ ಪಕ್ಕ ಕುಕ್ಕರುಗಾಲಿನಲ್ಲಿ ಕೂತು ಮುಚ್ಚಳ ತೆಗೆದೆ, ಹಾಕಿದೆ, ಮತ್ತೆ ತೆಗೆದೆ. ಅಕ್ಕ ಒಂದಷ್ಟು ಹೊತ್ತು ನೋಡಿದವಳು, "ಅದುನ್ನ ತಂದು ಇಲ್ಲಿ ಸ್ಟೂಲ್ ಮೇಲಿಟ್ಟು ಚಾಲೂ ಮಾಡು" ಅಂದಳು. ಆಮೇಲೆ ಗೋಡೆಯ ಕಡೆ ಮುಖ ಮಾಡಿ, "ನಿನ್ನೆಂಡ್ತಿಗೇಳು, ಒಂದ್ ಗಂದದ್ಕಡ್ಡಿ ಅಚ್ಚಿ ಕೊಡ್ಲಿ."

ಹೆಂಡತಿ ಹಚ್ಚಿದ ಗಂಧದಕಡ್ಡಿ ತಂದು ನನ್ನ ಕೈಗಿತ್ತು, ಮೆಲ್ಲಗೆ, "ಪೂಜೆ ಮಾಡೋ ಮಟ್ಟಕ್ಕೆ ಬಂತಾ ನಿಮ್ಮ ಕಂಪ್ಯೂಟರು?" ಅಂದಳು. ನಾನು ಅದನ್ನು ಅಕ್ಕನಿಗೆ ದಾಟಿಸಿದೆ.

ಅಕ್ಕ ಮದುವೆಯಾಗಿ ಹೋದ ಮನೆಯಲ್ಲಿ ಆಲೆಮನೆ ಇತ್ತು. ಇಪ್ಪತ್ತು ವರ್ಷ ಬೆಲ್ಲದ ಕೊಪ್ಪರಿಗೆಯ ಕೆಳಗೆ ಒಣಗಿದ ಕಬ್ಬಿನ ಸಿಪ್ಪೆ ತುರುಕಿ ಒಲೆ ಉರಿಸಿದವಳು. ಕಡ್ಡಿಯನ್ನು ಡಬ್ಬಿಯ ಮುಂದೆ ಹಿಡಿದಳು; ಹೊಗೆ ಸರ್ರನೆ ಒಳಗೆ ಹೋಯಿತು. ಹಿಂದೆ ಹಿಡಿದಳು, ಅಲ್ಲಿಯೂ ಒಳಕ್ಕೆ. ಮೇಲೆ ಹಿಡಿದಳು, ಅಲ್ಲಿಯೂ ಒಳಕ್ಕೇ. ಸ್ವಲ್ಪ ಹೊತ್ತಿಗೆ ಪಕ್ಕದ ಸಂದುಗೊಂದುಗಳಿಂದ ಹೊಗೆ ಅಷ್ಟಿಷ್ಟು ಇಣುಕತೊಡಗಿತು, ದಾರಿ ತಪ್ಪಿದ ಮೇಕೆಗಳ ಹಾಗೆ.

"ಲೇ ದಡ್ಡ," ಅಂದಳು ಅಕ್ಕ. "ಒಲೆ ಬಾಯಲ್ಲಿ ಗಾಳಿ ಒಳೀಕೋಗ್ಬೇಕು, ಚಿಮಣೀಲಿ ಈಚ್ಗೆ ಬರ್ಬೇಕು. ನೀನು ಚಿಮಣಿಗೂ ಬಾಯಿಕ್ಕಿ ಊದ್ತಾ ಇದ್ದೀಯಲ್ಲೋ! ಒಳ್ಗಿನ್ ಬಿಸಿ ಎಲ್ಗೋಯ್ತದೆ, ನಿನ್ ತಲೆಗಾ?"

ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತು. ಹೆಂಡತಿ ನಗುತ್ತಿದ್ದಾಳೆಂದು ನನಗೆ ಗೊತ್ತಾಯಿತು. ಮಾತಿಲ್ಲದ ಇಬ್ಬರು ನನ್ನನ್ನು ನೋಡಿ ನಗುವುದರಲ್ಲಿ ಮಾತ್ರ ಒಂದಾಗಿದ್ದರು.

ನಾನು ಹಿಂದಿನ ಫ್ಯಾನನ್ನೂ ಮೇಲಿನದನ್ನೂ ಬಿಚ್ಚಿ ತಿರುಗಿಸಿ ಹಾಕಿದೆ. ಬಿಚ್ಚಿದಾಗ ನೋಡುತ್ತೇನೆ, ಗಾಳಿ ಹೋಗುವ ದಿಕ್ಕು ಯಾವುದೆಂದು ಪ್ರತಿ ಫ್ಯಾನಿನ ಅಂಚಿನಲ್ಲೂ ಪುಟ್ಟ ಬಾಣದ ಗುರುತು. ಅದನ್ನು ಅಕ್ಕನಿಗೆ ತೋರಿಸಲಿಲ್ಲ. ತೋರಿಸಲು ನನಗೇನು ಹುಚ್ಚೇ? ಚಾಲೂ ಮಾಡಿ, ಎಂದಿನಂತೆ ಡಬ್ಬಿಯ ಮೇಲೆ ಧೂಳು ಬೀಳದ ಹಾಗೆ ಕಸೂತಿ ಬಟ್ಟೆ ಹೊದಿಸಿದೆ.

"ಈಗ ಚಿಮಣಿ ಬಾಯ್ಗೆ ಗೋಣಿ ಒದುಸ್ದಾ? ಯಾವ್ ತಲೆ ಕೆಟ್ಟೋಳು ಕೊಟ್ಲು ಆ ಬಟ್ಟೇನ?"

"ನೀನೇ ಕಣಕ್ಕ. ಗೃಹಪ್ರವೇಶಕ್ಕೆ ಹಾಕಿ ಕೊಟ್ಟಿದ್ದೆ."

ಅಕ್ಕ ಬಟ್ಟೆಯನ್ನು ಒಮ್ಮೆ ನೋಡಿದಳು. "ಟೀವೀಗೆ ಅಂತ ಕೊಟ್ಟಿದ್ದು" ಎಂದು ಅದನ್ನು ಎಳೆದು ತನ್ನ ತೊಡೆಯ ಮೇಲಿಟ್ಟುಕೊಂಡಳು.

ಹಿಂದಿನಿಂದ ಬಿಸಿಗಾಳಿ ಹೊರಗೆ ಬರತೊಡಗಿತು. ಅಕ್ಕ ಆಗಾಗ ಅಂಗೈ ಒಡ್ಡಿ ನೋಡುತ್ತಿದ್ದಳು. ಮುಕ್ಕಾಲು ಗಂಟೆ ದಾಟಿತು, ಒಂದು ಗಂಟೆ ದಾಟಿತು, ಡಬ್ಬಿ ಕೂಗಾಡಲೂ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಮದುವೆ ಮುಗಿದಿತ್ತು. ಪೆನ್‌ಡ್ರೈವಿಗೆ ಹಾಕಿ ಟೀವಿಗೆ ಸಿಕ್ಕಿಸಿದೆ.

ಚಪ್ಪರದಿಂದಲೇ ನೋಡಿದಳು. ಯಾರ ಒಡವೆ ಎರವಲು ತಂದದ್ದು, ಯಾರು ಎರಡು ಪಂಕ್ತಿಯಲ್ಲಿ ಉಂಡರು, ಎಲ್ಲ ಹೇಳಿಕೊಂಡೇ ನೋಡಿದಳು. ಧಾರೆ ಮುಗಿಯಿತು. ಹೆಂಡತಿಯ ತಂಗಿ ಆರತಿ ತಟ್ಟೆ ಹಿಡಿದು ಬಂದಳು. "ನೋಡ್ದಾ? ನೋಡ್ದಾ ಮತ್ತೆ?" ಎಂದು ಅಕ್ಕ ನನ್ನ ತೋಳು ತಿವಿದಳು.

ಅಷ್ಟರಲ್ಲಿ ಟೀವಿಯಲ್ಲಿ ನನ್ನ ಹೆಂಡತಿ "ತಡಿ" ಎಂದು ತಂಗಿಯನ್ನು ನಿಲ್ಲಿಸಿದಳು. ಚೀಲದಿಂದ ಮಡಿಸಿದ ಹಸಿರು ಸೀರೆಯೊಂದನ್ನು ತೆಗೆದು ತಂಗಿಯ ಹೆಗಲ ಮೇಲೆ ಹೊದಿಸಿದಳು. ಓಲಗದ ನಡುವೆಯೂ ಮಾತು ಸ್ಪಷ್ಟವಾಗಿ ಕೇಳಿಸಿತು: "ಇದು ನಮ್ಮತ್ತಿಗೆ ಸೀರೆ. ಆರ್ತಿ ಎತ್ತೋದು ಅವ್ರೇ. ಕೈ ಮಾತ್ರ ನಿಂದು." ಮಗಳು ಬಗ್ಗಿ ಆ ಸೆರಗನ್ನು ಕಣ್ಣಿಗೊತ್ತಿಕೊಂಡಳು.

"ನನ್ ಸೀರೆ ಅಲ್ವೇನ್ಲಾ ಅದು?" ಎಂದಳು ಅಕ್ಕ. ದನಿ ಸಣ್ಣಗಾಗಿತ್ತು. "ಇನ್ನೊಂದ್ಸಲ ಆಕು." ಹಾಕಿದೆ. "ಇನ್ನೊಂದ್ಸಲ." ಮತ್ತೆ ಹಾಕಿದೆ. ಕಣ್ಣು ಒರೆಸಿಕೊಳ್ಳಲು ಆ ಕಸೂತಿ ಬಟ್ಟೆಯೇ ಸಿಕ್ಕಿತು.

ಅಡುಗೆಮನೆಯ ಬಾಗಿಲಲ್ಲಿ ಹೆಂಡತಿ ನಿಂತಿದ್ದಳು. ಅಕ್ಕ ನನ್ನನ್ನು ದಾಟಿ ನೇರ ಅವಳನ್ನೇ ನೋಡಿದಳು.

"ಯಾಕಮ್ಮಿ ಏಳ್ನಿಲ್ಲ ನಂಗೆ?"

"ನೀವು ಕೇಳ್ಲೇ ಇಲ್ವಲ್ಲ ಅತ್ತಿಗೆ."

ಅಕ್ಕ ಟೀವಿಯಲ್ಲಿ ನಿಂತಿದ್ದ ನನ್ನ ಮಗಳ ಕಡೆ ಎರಡೂ ಕೈ ಚಾಚಿ, ಕೂತಲ್ಲಿಂದಲೇ ದೃಷ್ಟಿ ತೆಗೆದು, ತನ್ನ ಕೆನ್ನೆಗೆ ಒತ್ತಿ ಲಟಲಟನೆ ನೆಟಿಕೆ ಮುರಿದಳು. ಆಮೇಲೆ, "ಬಾಮ್ಮಿ ಇಲ್ಲಿ, ನಂಗೆ ಎದ್ ಬರಾಕಾಗಕಿಲ್ಲ" ಅಂದಳು. ಹೆಂಡತಿ ಬಂದು ಮಂಚದ ಪಕ್ಕ ಬಗ್ಗಿದಳು. ಅಕ್ಕ ಅವಳ ಮುಖವನ್ನು ಎರಡೂ ಕೈಯಿಂದ ಸವರಿ, ಅವಳಿಗೂ ನೆಟಿಕೆ ಮುರಿದಳು.