ಬಾವಿಯ ಪಕ್ಕದ ಹಿಪ್ಪುನೇರಳೆ

ಸಾದಲಿಯ ಹತ್ತಿರ ನಮ್ಮ ಬಸ್ಸಿನ ಇಂಜಿನ್ ಕಾದು ನಿಂತಿತು. ನೀರು ಕೇಳೋಣವೆಂದು ರಸ್ತೆ ಪಕ್ಕದ ಮನೆಗೆ ಹೋದೆ. ಹೊಸ್ತಿಲಲ್ಲೇ ಮುದುಕಿಯೊಬ್ಬಳು ಕೈ ಅಡ್ಡ ಹಿಡಿದಳು: "ಅಲ್ಲೇ ನಿಲ್ಲಪ್ಪ, ಒಳಗೆ ಹುಳ ಅವೆ. ಬೀಡಿ ವಾಸ್ನೆ ಆಗಲ್ಲ." ನಾನು ಬೀಡಿ ಸೇದುವವನಲ್ಲ ಎಂದರೂ ಕೇಳಲಿಲ್ಲ.

ರೇಷ್ಮೆ ಹುಳಗಳು ನಾಲ್ಕನೆಯ ಜ್ವರ ಮುಗಿಸಿ, ಅಂದರೆ ಕಡೆಯ ಪೊರೆ ಕಳಚಿ, ಹಸಿದು ತಲೆಯೆತ್ತಿದ್ದವು. ಬಾಗಿಲ ಬಳಿಯ ತಟ್ಟೆಯಲ್ಲಿ ಸೊಸೆ ರತ್ನಮ್ಮ ಎರಡು ಬಗೆಯ ಹಿಪ್ಪುನೇರಳೆ ಸೊಪ್ಪು ಹರಡುತ್ತಿದ್ದಳು. ಒಂದು ಕಡೆ ಸೀಳು ಸೀಳಾದ ನಾಟಿ ಎಲೆ. ಇನ್ನೊಂದು ಕಡೆ ಅಂಗೈಯಗಲದ, ಎಣ್ಣೆ ಸವರಿದಂತೆ ಹೊಳೆಯುವ ಎಲೆ. ಅದು ಅವಳ ಅಪ್ಪ ನಾಟಿ ಗಿಡಕ್ಕೆ ಪರದೇಶದ ಗಿಡದ ಪರಾಗ ಕೂಡಿಸಿ ಬೆಳೆಸಿದ ತಳಿಯಂತೆ. ಕಡ್ಡಿ ನೆಟ್ಟರೆ ಬೇರು ಬಿಡದು. ನಾಟಿ ಬುಡಕ್ಕೆ ಕಸಿ ಕಟ್ಟಬೇಕು. ತವರಿನಿಂದ ಕಡ್ಡಿ ತಂದು ಬಾವಿಯ ಪಕ್ಕದ ಗಿಡಕ್ಕೆ ಕಟ್ಟಿದ್ದಳು.

"ಕುಲಗೆಟ್ಟ ಗಿಡ. ಹುಳ ಮೂಸೂ ನೋಡಲ್ಲ. ನಾಳೆ ಕಿತ್ತಾಕಿಸ್ತೀನಿ, ನೀನೇ ಸಾಕ್ಷಿ" ಎಂದಳು ಅತ್ತೆ, ನನ್ನ ಕಡೆ ತಿರುಗಿ.

"ಹುಳಾನೇ ಹೇಳ್ಲಿ ಬಿಡತ್ತೆ" ಎಂದಳು ಸೊಸೆ.

ಹುಳಗಳು ಹೇಳಿದವು. ನಾಟಿ ಎಲೆಯ ಮೇಲಿದ್ದವೂ ಒಂದೊಂದಾಗಿ ಹೊಳೆಯುವ ಎಲೆಯತ್ತ ಹರಿದವು. ಸ್ವಲ್ಪ ಹೊತ್ತಿಗೆ ತಟ್ಟೆಯ ಒಂದೇ ಪಕ್ಕದಿಂದ ಚರಚರ ಮೇಯುವ ಸದ್ದು ಬರತೊಡಗಿತು. ರತ್ನಮ್ಮ ಸೊಂಟಕ್ಕೆ ಕೈಯಿಟ್ಟು ನಿಂತಳು. ನನಗೇ ಚಪ್ಪಾಳೆ ತಟ್ಟುವ ಹುಕಿ ಬಂತು.

ಮುದುಕಿ ತಟ್ಟೆಯ ಮೇಲೆ ಬಗ್ಗಿ, "ತಿನಂಡಮ್ಮಾ, ತಿನಂಡಿ" ಎಂದು ಹುಳಗಳನ್ನು ತೆಲುಗಿನಲ್ಲಿ ಮುದ್ದುಮಾಡಿದಳು. ಆಮೇಲೆ ಸೊಸೆಯನ್ನು ಗದರಿದಳು: "ಒಂದೇ ಗಿಡಕ್ಕೆ ಕಟ್ಟಿ ಕೂತಿದ್ದೀಯಲ್ಲೇ! ಇಷ್ಟು ಹುಳಕ್ಕೆ ಅದು ಸಾಲುತ್ತೇನೇ?"