ಡಬ್ಬಿಯೊಳಗಿನ ಅರಿಷಿಣದ ಬೊಟ್ಟು

ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಹೊಲಗಳಿಗೆ ಬಾಡಿಗೆ ಟ್ರ್ಯಾಕ್ಟರ್ ಕಳಿಸುವ, ಅಫಜಲಪುರದ ರೈತರ ಕಂಪನಿಯೊಂದರ ಪುಟ್ಟ ಕಚೇರಿಯಲ್ಲಿ ಭಾಗ್ಯಾ ಕಸ ಹೊಡೆದು, ದೇವರ ಫೋಟೊಗೆ ಊದಿನಕಡ್ಡಿ ಹಚ್ಚಿ, ಕಂಪ್ಯೂಟರ್ ಮುಂದೆ ಕೂತಿದ್ದಾರೆ. ಪರದೆಯ ತುಂಬ ಅಫಜಲಪುರ, ಆಳಂದ, ಜೇವರ್ಗಿ ತಾಲೂಕುಗಳ ನಕಾಶೆ. ಅದರ ಮೇಲಿನ ಚುಕ್ಕಿಗಳು ಒಂದೊಂದಾಗಿ ಹಸಿರಾಗುತ್ತಿವೆ. ಒಂದು ಹಸಿರಾಯಿತೆಂದರೆ ಎಲ್ಲೋ ಒಬ್ಬ ಡ್ರೈವರ್ ಚಹಾ ಮುಗಿಸಿ ಟ್ರ್ಯಾಕ್ಟರ್ ಚಾಲೂ ಮಾಡಿದ ಎಂದರ್ಥ. ಅಂದೋಲಾದ ಹತ್ತಿರದ ಚುಕ್ಕಿಯೊಂದು ಕೆಂಪಗೆ ಮಿನುಗುತ್ತಲೇ ಭಾಗ್ಯಾ ಫೋನು ಎತ್ತಿಕೊಳ್ಳುತ್ತಾರೆ.

"ಸುನೀಲಾ, ಎಂಜಿನ್ ಭಾಳ ಬಿಸಿ ಆಗಾಕತ್ತದ ನೋಡೋ. ಮೊದ್ಲ ಬಂದ್ ಮಾಡಿ ತಣ್ಣಗಾಗಾಕ ಬಿಡು, ಆಮ್ಯಾಲ ನೀರ್ ಹಾಕು. ಬಿಸಿ ಇದ್ದಾಗ ಮುಚ್ಚಳ ತಗದಿ ಅಂದ್ರ ಮಾರಿ ಸುಡ್ತದ!"

"ಅಕ್ಕಾ, ಅಲ್ಲಿ ಕುಂತು ನಿನಗ ಹ್ಯಾಂಗ್ ಗೊತ್ತಾಗ್ತದ ಬೇ?" ಎಂದು ಡ್ರೈವರ್ ಸುನೀಲಕುಮಾರ ಗೊಣಗುವುದು ಪಕ್ಕದಲ್ಲಿ ಕೂತ ನನಗೂ ಕೇಳಿಸುತ್ತದೆ. ಭಾಗ್ಯಾ ನಕ್ಕು ಫೋನು ಇಡುತ್ತಾರೆ.

ಇದರಲ್ಲಿ ಮಾಯಮಂತ್ರವೇನಿಲ್ಲ. ಕಂಪನಿಯ ಪ್ರತಿ ಟ್ರ್ಯಾಕ್ಟರಿನ ಸೀಟಿನ ಹಿಂದೆ ಅಂಗೈಯಗಲದ ಕರಿ ಡಬ್ಬಿಯೊಂದಿದೆ. ಯಂತ್ರ ಎಲ್ಲಿದೆ, ಓಡುತ್ತಿದೆಯೋ ನಿಂತಿದೆಯೋ, ಡೀಸೆಲ್ ಎಷ್ಟು ಉಳಿದಿದೆ, ಎಂಜಿನ್ನಿಗೆ ಜ್ವರ ಬಂದಿದೆಯೋ ಎಂಬುದನ್ನೆಲ್ಲ ಅದು ಇಲ್ಲಿಗೆ ಕಳಿಸುತ್ತಿರುತ್ತದೆ. ಓದಿದವರು ಇದಕ್ಕೆ ಟೆಲಿಮೆಟ್ರಿ ಎನ್ನುತ್ತಾರೆ, ಡ್ರೈವರುಗಳು ಸುಮ್ಮನೆ ಡಬ್ಬಿ ಎನ್ನುತ್ತಾರೆ. ಅದು ಹೇಳಿದ್ದನ್ನು ನೋಡಿ, ಯಾರ ಹೊಲ ಮುಗಿಯಿತು, ಯಾವ ಟ್ರ್ಯಾಕ್ಟರ್ ಮುಂದೆ ಯಾವ ಊರಿಗೆ ಹೋಗಬೇಕು ಎಂದು ಗೊತ್ತುಮಾಡುವುದು ಭಾಗ್ಯಾ ಅವರ ಕೆಲಸ. ಹಿಂಗಾರಿ ಬಿತ್ತನೆಯ ಹೊತ್ತಿಗೆ ಈ ಕೆಲಸ ಜೀವ ಹಿಂಡುತ್ತದೆ. ಕರಿ ಭೂಮಿಯ ಹದ ಯಾರಿಗೂ ಕಾಯುವುದಿಲ್ಲ. ಎಲ್ಲರಿಗೂ ಟ್ರ್ಯಾಕ್ಟರ್ ಇವತ್ತೇ ಬೇಕು. ದಿನಕ್ಕೆ ನೂರರ ಮೇಲೆ ಫೋನು, ಅದರಲ್ಲಿ ಅರ್ಧ ಬೈಗುಳ.

"ಮೊದಮೊದ್ಲ ಅಂತೂ, ಗಂಡಸ್ರು ಯಾರಿಲ್ಲೇನಬೇ, ಅವರಿಗಿ ಫೋನ್ ಕೊಡು ಅಂತಿದ್ರು ರೀ. ಟ್ರ್ಯಾಕ್ಟರ್ ಕಳಸಾಕಿ ನಾನೇ, ಬೇಕಿದ್ರ ನನ್ ಕೂಡ ಮಾತಾಡ್ರಿ ಅಂತ ಹೇಳಿದ್ಯಾ. ಈಗ ಅವರೇ ತಂಗೆವ್ವಾ ಅಂತಾರ" ಎನ್ನುತ್ತಾರೆ. ಹೇಳುವಾಗ ಒಂದಿಷ್ಟು ಜಂಬ ಇದೆ, ಇರಲಿ, ಅವರಿಗೆ ಒಪ್ಪುತ್ತದೆ.

ಭಾಗ್ಯಾ ಹುಟ್ಟಿದ್ದು ಘತ್ತರಗಿಯ ಆಸುಪಾಸಿನ ಹಳ್ಳಿಯಲ್ಲಿ. ತಾಯಿ ಹರಕೆ ಹೊತ್ತು ಪಡೆದ ಮಗಳೆಂದು ಘತ್ತರಗಿಯ ಭಾಗ್ಯವಂತಿ ದೇವಿಯ ಹೆಸರನ್ನೇ ಇಟ್ಟರು. ತಂದೆ ಮಾಳಿಂಗಪ್ಪ ಕುರಿ ಕಾಯುತ್ತಿದ್ದರು. "ನಮ್ಮಪ್ಪ ಕುರಿ ಕಾಯ್ದ, ನಾ ಟ್ರ್ಯಾಕ್ಟರ್ ಕಾಯಾಕತ್ತೇನಿ. ಕುರಿ ಆದ್ರ ಕರದ್ರ ಬರ್ತಾವ್ರಿ, ಈ ಡ್ರೈವರ್‌ಗೋಳು ಫೋನೇ ಎತ್ತಂಗಿಲ್ಲ!" ಪಿಯುಸಿ ಮುಗಿಯುತ್ತಲೇ ಮದುವೆ. ಗಂಡ ಶಂಕರಲಿಂಗ ಕಬ್ಬಿನ ಹಂಗಾಮಿನಲ್ಲಿ ಭೂಸನೂರಿನ ಕಡೆ ದುಡಿಯಲು ಹೋದರೆ ತಿಂಗಳುಗಟ್ಟಲೆ ಮನೆ ಇವರದೇ. ನಸುಕಿಗೆ ಎದ್ದು ರೊಟ್ಟಿ ಬಡಿದಿಟ್ಟು, ಮಲಗಿರುವ ಮಕ್ಕಳ ತಲೆ ಸವರಿ ಬರುತ್ತಾರೆ. ಮಕ್ಕಳು ಎದ್ದಾಗ ತಾನು ಕಣ್ಣೆದುರು ಇರುವುದಿಲ್ಲವಲ್ಲ ಎಂಬ ಸಂಕಟ ಇಷ್ಟು ವರ್ಷವಾದರೂ ಹೋಗಿಲ್ಲವಂತೆ.

ಹೋದ ವರ್ಷ ಮಹಾನವಮಿಗೆ ಮುಂಚೆ ಬರುವ ಅಮಾವಾಸ್ಯೆಯ ಮರುದಿನ ಬೆಳಗ್ಗೆ ನಕಾಶೆಯಿಂದ ಒಂದು ಚುಕ್ಕಿ ಮಾಯವಾಗಿತ್ತು. ಅದು ಡ್ರೈವರ್ ಇಮಾಮಸಾಬರು ಓಡಿಸುವ ಟ್ರ್ಯಾಕ್ಟರ್. ಕೊನೆಯದಾಗಿ ಕಂಡದ್ದು ಹಿಂದಿನ ದಿನ, ಘತ್ತರಗಿಯ ಹತ್ತಿರ ಭೀಮಾ ನದಿಯ ದಂಡೆಯಲ್ಲಿ. ಆಮೇಲೆ ಸುದ್ದಿಯೇ ಇಲ್ಲ. ಫೋನು ರಿಂಗಾಗುತ್ತದೆ, ಎತ್ತುವುದಿಲ್ಲ.

ಇಂಥ ಹೊತ್ತಿನಲ್ಲಿ ಕಂಪ್ಯೂಟರ್ ಕಾರಣ ಕೇಳುತ್ತದೆ: ಡಬ್ಬಿ ಕೆಟ್ಟಿದೆಯೋ, ಯಾರಾದರೂ ಬಿಚ್ಚಿದ್ದಾರೋ? ಬಿಚ್ಚಿದ್ದಾರೆ ಎಂದು ಭಾಗ್ಯಾ ಒತ್ತಿದರೆ ಡ್ರೈವರನ ಕೈಯಿಂದ ಚಾವಿ ಹೋದಂತೆಯೇ. ಸ್ವಲ್ಪ ದಿನ ಮುಂಚೆ ಒಬ್ಬ ಡಬ್ಬಿ ಬಿಚ್ಚಿಟ್ಟು, ಕದ್ದು ಬೇರೆಯವರ ಹೊಲ ಉತ್ತು ದುಡ್ಡು ಮಾಡಿಕೊಂಡಿದ್ದ. ಅದಕ್ಕೇ ಮ್ಯಾನೇಜರ್ ಶಿವಪ್ರಕಾಶ ಅವರಿಗೆ ಅನುಮಾನವೇ ಉಳಿದಿರಲಿಲ್ಲ. "ಬಿಚ್ಚಿದ್ದಾರ ಅಂತ ಹಾಕ್ರಿ" ಎಂದುಬಿಟ್ಟರು.

ಭಾಗ್ಯಾ ಬಟನ್ ಒತ್ತಲಿಲ್ಲ. ಇಮಾಮಸಾಬರು ಅರ್ಧ ಆಯುಷ್ಯ ಎತ್ತು ಹೂಡಿ ಉಳುಮೆಯ ಗಳೆ ಹೊಡೆದವರು. ಐವತ್ತು ದಾಟಿದ ಮೇಲೆ ಟ್ರ್ಯಾಕ್ಟರ್ ಕಲಿತರು. ಈ ಸೀಟು ಹೋದರೆ ಆ ವಯಸ್ಸಿನವರನ್ನು ಕರೆದು ಬೇರೆ ಯಾರೂ ಸ್ಟೇರಿಂಗ್ ಕೊಡುವುದಿಲ್ಲ. "ಸರ್, ಒಂದ್ಸಲ ಹೋಗಿ ಕಣ್ಣಾರೆ ನೋಡ್ಕೊಂಡ್ ಬರೂಣ್ರಿ" ಎಂದು ಭಾಗ್ಯಾ ಹಟ ಹಿಡಿದರು. ಮ್ಯಾನೇಜರ್ ಮುಖ ಗಂಟಿಕ್ಕಿಕೊಂಡೇ ಜೀಪು ತೆಗೆದರು.

ಹೋಗಿ ನೋಡಿದರೆ ಇಮಾಮಸಾಬರು ಕಂಪನಿ ಹೇಳಿದ ಹೊಲದಲ್ಲೇ ಜೋಳ ಬಿತ್ತುತ್ತಿದ್ದರು. ಎಂಜಿನ್ ಸದ್ದಿನಲ್ಲಿ ಫೋನು ಕೇಳಿಸಿರಲಿಲ್ಲ. ಆದರೆ ಡಬ್ಬಿಯ ಸೀಲು ಒಡೆದಿತ್ತು. ನಿಯಮದ ಪ್ರಕಾರ ಚಾವಿ ಕಸಿಯಲು ಅಷ್ಟೇ ಸಾಕು.

"ಹೌದ್ರಿ ಸಾಹೇಬ್ರ, ನಾನೇ ತಗದೇನಿ" ಎಂದರು ಇಮಾಮಸಾಬ, ಮುಚ್ಚುಮರೆಯಿಲ್ಲದೆ. "ನಿನ್ನಿ ಅಮಾಸಿ ಇತ್ತಲ್ರಿ. ಹಿಂದ ಬಿತ್ತೋಕಿಂತ ಮೊದ್ಲ ಎತ್ತಿನ ಮೈ ತೊಳಿತಿದ್ವಿ, ಹಂಗೇ ಭೀಮಾ ಹೊಳಿಗಿ ಒಯ್ದು ಗಾಡಿ ತೊಳದ್ಯಾ. ಡಬ್ಬಿ ಒಳಗ ಧೂಳ ಕುಂತಿರ್ತದ ಅಂತ ಮುಚ್ಚಳ ತಗದು ಅದಕ್ಕೂ ಎರಡು ತಂಬಿಗಿ ನೀರ್ ಹಾಕ್ದ್ಯಾ. ತಪ್ಪಾತೇನ್ರಿ?"

ಶಿವಪ್ರಕಾಶ ಮುಚ್ಚಳ ಬಿಚ್ಚಿದರು. ಒಳಗಿನಿಂದ ನೀರು ತೊಟ್ಟಿಕ್ಕಿತು. ಮುಚ್ಚಳದ ಒಳಮೈಯಲ್ಲಿ ಅರಿಷಿಣದ ಬೊಟ್ಟು, ಅದರ ಮೇಲೆ ಕುಂಕುಮ, ಅಂಟಿಕೊಂಡ ಒಂದು ಚೆಂಡುಹೂವಿನ ಎಸಳು.

"ಅದು ನಾ ಹಚ್ಚಿದ್ದು ರೀ" ಎಂದು ಹೊಲದ ಒಡತಿ ಸುಮಿತ್ರಾಬಾಯಿ ಮುಂದೆ ಬಂದರು. "ಬಿತ್ತೋ ಕೂರಿಗಿ ಪೂಜಾ ಮಾಡುವಾಗ ಇವರೇ ಮುಚ್ಚಳ ತಗದು ಡಬ್ಬಿ ತೋರಿಸಿದ್ರು. ಬಾಯಿ, ಇದು ದಿನಾ ನಮ್ಮನ್ನ ಕಾಯ್ತದ, ಇದಕ್ಕೂ ಹಚ್ಚ್ರಿ ಅಂದ್ರು."

ಕದಿಯಲು ಡಬ್ಬಿ ಬಿಚ್ಚುವವರು ಅದಕ್ಕೆ ಪೂಜೆ ಮಾಡಿಸುವುದಿಲ್ಲ. ಆದರೂ ಡಬ್ಬಿ ಹಾಳಾದದ್ದು ನಿಜ. ಆಗ ಭಾಗ್ಯಾ ಬಾಯಿಬಿಟ್ಟರು: "ಸರ್, ನೀರ್ ತಾಗಿಸಬ್ಯಾಡ್ರಿ ಅಂತ ಡಬ್ಬಿ ಮ್ಯಾಲ ಇಂಗ್ಲಿಷಿನಾಗ ಬರದದ. ಕಾಕಾಗ ಯಾರೂ ಬಾಯಿಲೆ ಹೇಳಿಲ್ರಿ. ನಾನೂ ಹೇಳಿಲ್ಲ." ಶಿವಪ್ರಕಾಶ ಆ ಎಸಳು ಉದುರದಂತೆ ಮುಚ್ಚಳವನ್ನು ಮತ್ತೆ ಹಾಕಿದರು. ಆಮೇಲೆ ಡಬ್ಬಿ ಕೆಟ್ಟಿದೆ ಎಂದೇ ಹಾಕಲು ಹೇಳಿ, "ಬಿತ್ತ್ರಿ ಕಾಕಾ, ಹದ ಹೋಗ್ತದ" ಎಂದರು. ಆ ಮಾತು ಕೇಳಿ ಭಾಗ್ಯಾ ಅಲ್ಲೇ ಬದುವಿನ ಮೇಲೆ ಕೂತು ಅತ್ತುಬಿಟ್ಟರಂತೆ.

ಈಗ ಪ್ರತಿ ಅಮಾವಾಸ್ಯೆಯ ಮುಂಚಿನ ದಿನ ಭಾಗ್ಯಾ ಎಲ್ಲ ಡ್ರೈವರುಗಳಿಗೂ ಫೋನು ಮಾಡುತ್ತಾರೆ. ಗಾಡಿ ಜಳಜಳ ತೊಳೆಯಿರಿ, ಆದರೆ ಮೊದಲು ಡಬ್ಬಿಗೆ ಕುಂಚಿಗೆ ಹಾಕಿ! ಹೌದು, ಕೂಸಿನ ತಲೆಗೆ ಕಟ್ಟುವಂಥದ್ದೇ ಕುಂಚಿಗೆ. ಇಮಾಮಸಾಬರ ಹೆಂಡತಿ ಶಮ್ಸುನ್ನಿಸಾ ಹಳೆಯ ಛತ್ರಿಗಳ ಬಟ್ಟೆಯಲ್ಲಿ ಕಂಪನಿಯ ಎಲ್ಲ ಡಬ್ಬಿಗಳಿಗೂ ಒಂದೊಂದು ಹೊಲಿದುಕೊಟ್ಟಿದ್ದಾರೆ.

ನಿಮಗೇನು ಆಸೆ ಎಂದು ಕೇಳಿದರೆ ಭಾಗ್ಯಾ ಆ ದಿನಕ್ಕೇ ಮರಳುತ್ತಾರೆ.

"ಅವತ್ತು ನಾ ಬಟನ್ ಒತ್ತಿದ್ರ ಕಾಕಾ ಮನಿಗಿ ಹೋಗಿಬಿಡ್ತಿದ್ರು ರೀ. ಕೆಲಸಾ ಯಾಕ ಹೋತು ಅಂತ ಅವರಿಗಿ ಗೊತ್ತಾಗ್ತಿದ್ದಿಲ್ಲ, ಡಬ್ಬಿ ಯಾಕ ಬಿಚ್ಚಿದ್ರು ಅಂತ ನನಗೂ ಗೊತ್ತಾಗ್ತಿದ್ದಿಲ್ಲ. ನನಗೇನ್ ದೊಡ್ಡ ಆಸೆ ಇಲ್ಲ. ನನ್ ಕುರ್ಚಿಮ್ಯಾಲ ನಾಳೆ ಯಾರೇ ಕುಂದ್ರಲಿ, ಚುಕ್ಕಿ ಕಾಣಲಿಲ್ಲಂದ್ರ ಆರಾಮ ಇದ್ದೀರಿಲ್ಲ ಕಾಕಾ ಅಂತ ಮೊದ್ಲ ಕೇಳ್ಲಿ. ಟ್ರ್ಯಾಕ್ಟರ್ ಎಲ್ಲದ ಅನ್ನೋದು ಆಮ್ಯಾಲ ಕೇಳ್ಲಿ."